ಇಸ್ತ್ರಿಪೆಟ್ಟಿಗೆಗೆ ಉರಿದ ಬಲ್ಬು

ತೊಂಬತ್ತಾರರ ಸುಮಾರಿಗೆ ನಂಜನಗೂಡಿನಲ್ಲಿ ರಿಪೇರಿ ಅಂಗಡಿ ಇಟ್ಟ ಹೊಸದರಲ್ಲಿ ಅಮೃತೇಶನಿಗೆ ಸೀರೀಸ್ ಬೋರ್ಡೇ ದೇವರು. ಕರೆಂಟು ಮೊದಲು ನೂರು ವ್ಯಾಟಿನ ಬಲ್ಬು ದಾಟಿ, ಆಮೇಲೆ ಕೆಟ್ಟ ಸಾಮಾನಿಗೆ ಹೋಗುತ್ತಿತ್ತು. ರೇಡಿಯೊ ಸಿಕ್ಕಿಸಿದಾಗ ಬಲ್ಬು ಮಂಕಾದರೆ ಸರಿ, ಧಗಧಗ ಉರಿದರೆ ಶಾರ್ಟು. ಅವನ ವಿದ್ಯೆ ಅಷ್ಟೇ.

ಹತ್ತಿರದ ಹದಿನಾರು ಎಂಬ ಊರಿನಲ್ಲಿ ರವಿಕೆ ಹೊಲಿಯುವ ಇಂದ್ರಾಣಿಯ ಇಸ್ತ್ರಿಪೆಟ್ಟಿಗೆ ಒಮ್ಮೆ ಕಾದರೆ ಇನ್ನೊಮ್ಮೆ ಕಾಯುತ್ತಿರಲಿಲ್ಲ. ಬೋರ್ಡಿಗೆ ಹಾಕಿದ. ಬಲ್ಬು ಧಗಧಗ ಉರಿಯಿತು.

"ಶಾರ್ಟ್ ಆಗ್ಬುಟ್ಟದೆ ಕಣಕ್ಕ, ಇನ್ನು ಗುಜರಿಗೇಯ" ಎಂದು ಹೊಸದು ಕೊಡಿಸಿದ. ಹಳೆಯದು ಅವಳ ಅಪ್ಪ ಸಾಯುವ ಮುಂಚೆ ತಂದುಕೊಟ್ಟಿದ್ದು.

ಕೆಲವು ತಿಂಗಳ ಮೇಲೆ, ಆಗತಾನೆ ಡಬ್ಬದಿಂದ ತೆಗೆದ ಪೆಟ್ಟಿಗೆಯೊಂದಕ್ಕೂ ಬಲ್ಬು ಹಾಗೇ ಉರಿದಾಗ ಅವನಿಗೆ ತನ್ನ ತಪ್ಪು ಹೊಳೆಯಿತು. ಬಲ್ಬಿಗೂ ಪೆಟ್ಟಿಗೆಗೂ ಹರಿಯುವ ಕರೆಂಟು ಒಂದೇ, ಆದರೆ ತಡೆ ಜಾಸ್ತಿ ಇರುವ ಕಡೆಗೇ ವೋಲ್ಟೇಜು ಜಾಸ್ತಿ. ಬಲ್ಬಿನ ತಡೆಯ ಮುಂದೆ ಇಸ್ತ್ರಿಪೆಟ್ಟಿಗೆಯ ತಡೆ ಏನೇನೂ ಅಲ್ಲ, ಹಾಗಾಗಿ ವೋಲ್ಟೇಜೆಲ್ಲ ಬಲ್ಬಿನ ಪಾಲು. ಇಂದ್ರಾಣಿಯ ಪೆಟ್ಟಿಗೆಯಲ್ಲಿ ಕೆಟ್ಟಿದ್ದು ಬರೀ ವೈರು. ಅವಳು ಪೇಟೆಗೆ ಬಂದಾಗಲೆಲ್ಲ ನಗುತ್ತ ಮಾತಾಡಿಸುತ್ತಿದ್ದಳು. ಅವನು ತಲೆ ತಗ್ಗಿಸಿ ಸ್ಕ್ರೂ ಹುಡುಕುತ್ತಿದ್ದ.

ಒಂದು ದಿನ ಅವಳು ಹೊಸ ಪೆಟ್ಟಿಗೆಯನ್ನೂ ರಿಪೇರಿಗೆ ತಂದಳು. ಅಭ್ಯಾಸಬಲದಿಂದ ಬೋರ್ಡಿಗೆ ಹಾಕಿಬಿಟ್ಟ. ಬಲ್ಬು ಧಗ್ಗೆಂದಿತು.

"ಅಯ್ಯೋ, ಇದೂ ಓಯ್ತಾ?"

"ಇಲ್ಲ ಕಣಕ್ಕ, ಪೆಟ್ಗೆಗೇನೂ ಆಗಿಲ್ಲ. ವೈರು ಸಡಿಲ, ಅಷ್ಟೇಯ."

ಇಂದ್ರಾಣಿ ಉರಿಯುತ್ತಿದ್ದ ಬಲ್ಬನ್ನೇ ನೋಡುತ್ತ ನಿಂತಳು.

"ಅಪ್ಪನ ಪೆಟ್ಗೆಗೂ ಇಂಗೇ ಉರಿದಿತ್ತಲ್ವಾಣ್ಣ?"