ಕುಂತು ಉಣ್ಣುವ ಪುಣ್ಯ ನಮ್ಮವ್ವನಿಗೆ ಬೇಡ

ವಯಸ್ಸಾದವರನ್ನು ಕೂರಿಸಿಡುವುದೇ ಮರ್ಯಾದೆ ಅಂತ ನಮ್ಮ ಕಡೆಯವರಿಗೆ ಯಾರು ಕಲಿಸಿದರೋ, ಅವರ ಜೊತೆ ನನ್ನದೊಂದು ಜಗಳ ಇದೆ.

ನಮ್ಮವ್ವ ಎಪ್ಪತ್ತು ದಾಟುವವರೆಗೂ ನಮ್ಮೂರು ವಳಕಮದಿನ್ನಿಯಲ್ಲಿ ದಿನಾ ಹೊಲಕ್ಕೆ ನಡೆದವಳು. ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ನೆಲ್ಲಿನ ಸಸಿ ಹಚ್ಚತೊಡಗಿದರೆ ಹರೆಯದ ಹುಡುಗಿಯರೇ ಹಿಂದೆ ಬೀಳುತ್ತಿದ್ದರು. ಯಾವ ಮಡಿಗೆ ಯಾವಾಗ ನೀರು ಬಿಟ್ಟಿದ್ದು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದು, ಎಲ್ಲ ತಲೆಯಲ್ಲೇ.

ಆಮೇಲೆ ಲಿಂಗಸುಗೂರಿನಲ್ಲಿ ನೌಕರಿ ಮಾಡುವ ನನ್ನ ತಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಅವ್ವನನ್ನು ತನ್ನ ಮನೆಗೆ ಕರೆದೊಯ್ದ. ಪ್ರೀತಿಯಿಂದಲೇ ಒಯ್ದ, ಸುಳ್ಳು ಯಾಕೆ ಹೇಳಲಿ. ಕಸಬರಿಗೆ ಕೂಡ ಮುಟ್ಟಗೊಡಲಿಲ್ಲ. ಓಣಿಯ ಹೆಂಗಸರು, "ಪುಣ್ಯ ಮಾಡಿ ಬಂದಾಳ, ಕುಂತು ಉಣ್ಣಾಕತ್ತಾಳ" ಅಂದರು.

ಕುಂತು ಕುಂತೇ ಅವ್ವ ಮಂಕಾದಳು. ಉಂಡಿದ್ದನ್ನು ಮರೆತು ಮತ್ತೆ ಗಂಗಾಳ ಹಿಡಿದು ಬಂದಳು. ಒಂದು ಮುಂಜಾನೆ ಹೊಲಕ್ಕೆ ಹೋಗುತ್ತೇನೆಂದು ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅಂದಿನಿಂದ ತಮ್ಮ ಗೇಟಿಗೆ ಕೀಲಿ ಹಾಕಿದ. ನಾನು ಸಿಂಧನೂರಿನ ನನ್ನ ಮನೆಯಿಂದ ಹೋದಾಗ ಅವ್ವ ಗೇಟಿನ ಸರಳು ಹಿಡಿದು ನಿಂತಿದ್ದಳು. ಮೈಯೆಲ್ಲ ಉರಿದುಹೋಯಿತು.

"ಅವ್ವ ಏನ್ ದನ ಏನಲೇ, ಕಟ್ಟಿ ಹಾಕಾಕ?"

"ಯಾವ್ದರ ಗಾಡಿಗೆ ಸಿಕ್ಕು ಸತ್ತಳಂದ್ರ? ಡಾಕ್ಟರು ಮರವಿನ ರೋಗ ಅಂದಾರಕ್ಕ."

"ನಡೀಬ್ಯಾಡ ಅಂದಾರೇನು?"

ನಾನೇ ಹೋಗಿ ಡಾಕ್ಟರನ್ನು ಕೇಳಿದೆ. "ವರ್ಷಾನುಗಟ್ಟಲೆ ದುಡಿದ ಮೈ, ಒಮ್ಮಿಂದೊಮ್ಮೆ ಯಾಕ ಕೂರಿಸಿದ್ರಿ? ನಡಸ್ರಿ. ಹೋದದ್ದು ವಾಪಸ್ ಬರ್ತದ ಅಂತ ಹೇಳಲಾರೆ. ಇದ್ದದ್ದು ಇನ್ನಷ್ಟು ದಿನ ಉಳೀಬಹುದು" ಅಂದರು. ನನಗೆ ಅಷ್ಟೇ ಸಾಕಿತ್ತು. ಅವತ್ತೇ ಅವ್ವನನ್ನು ಸಿಂಧನೂರಿಗೆ ಕರೆತಂದೆ.

ಈಗ ದಿನಾ ಮುಂಜಾನೆ ಇಬ್ಬರೂ ಕಾಲುವೆ ದಾರಿ ಹಿಡಿಯುತ್ತೇವೆ. ಸೀರೆಯ ಕೆಳಗೆ ಅವ್ವನ ಕಾಲಲ್ಲಿ ಬೂಟು. ಪಕ್ಕದ ಮನೆಯಾಕೆ ನಕ್ಕಳು.

"ಮುದುಕಿಗೆ ಬೂಟ್ ಹಾಕಿಸಿ ಎಲ್ಲಿ ರೇಸಿಗೆ ಹೊಂಟೀಯವ್ವ?"

"ನಿಮ್ಮತ್ತೀನೂ ಕಳಸು, ಗೆದ್ದವರಿಗೆ ಸೀರಿ ಕೊಡ್ತೀನಿ!"

ಮರೆವು ಪೂರ್ತಿ ಹೋಗಿಲ್ಲ. ಕೆಲವೊಮ್ಮೆ ನನ್ನನ್ನೇ ತನ್ನ ಸೋದರತ್ತೆ ಅಂದುಕೊಳ್ಳುತ್ತಾಳೆ. ಆದರೆ ಮತ್ತೆ ಗಂಗಾಳ ಹಿಡಿದು ಬರುವುದು ಕಡಿಮೆಯಾಗಿದೆ, ರಾತ್ರಿ ನಿದ್ದೆ ಮಾಡುತ್ತಾಳೆ, ಗದ್ದೆ ಕಂಡರೆ ಯಾರ ಸಸಿ ಹಳದಿ ತಿರುಗಿದೆ ಅಂತ ನೋಡಿ ಬೈಯುತ್ತಾಳೆ. ನನ್ನ ಮೊಣಕಾಲು ನೋವು ಕೂಡ ಎಲ್ಲೋ ಹೋಯಿತು, ಅದು ಬೇರೆ ಮಾತು.

ಮೊನ್ನೆ ತಮ್ಮ ಬಂದ. "ಮಗ ಇದ್ದೂ ತಾಯಿ ಮಗಳ ಮನ್ಯಾಗದಾಳ ಅಂತ ಮಂದಿ ಆಡಾಕತ್ತಾರ. ಕಳಸಕ್ಕ" ಅಂದ. ಅವ್ವನನ್ನೇ ಕೇಳು ಅಂದೆ. ಮರುದಿನ ಮುಂಜಾನೆ ನಮ್ಮ ಜೊತೆ ಕಾಲುವೆಗೆ ಬಂದವನು ಅರ್ಧ ದಾರಿಗೇ ಸೊಂಟ ಹಿಡಿದು ನಿಂತ. ಅವ್ವ ತಿರುಗಿ ನೋಡಿ, "ಹೊಟ್ಟಿ ನೋಡಲೇ ತಮ್ಮಾ, ಬಸುರಿ ಆಗೀಯೇನು?" ಅಂದಳು.

ಅವನು ಏದುಸಿರಿನಲ್ಲೇ ಕೇಳಿದ: "ಮನಿಗೆ ಬರ್ತೀಯೇನವ್ವ?"

"ಅಲ್ಲಿ ಮುಂಜಾನಿ ನನ್ನ ಹೊರಗ ಬಿಡ್ತೀಯೇನು?"

ಅವ್ವ ಉತ್ತರಕ್ಕೆ ಕಾಯಲಿಲ್ಲ, ಮುಂದೆ ನಡೆದಳು. ನಾನು ಅವಳ ಹಿಂದೆ ಓಡಿದೆ.