ಹೆಬ್ಬೇವಿನ ತಿಂಗಳ ಲೆಕ್ಕ

ಜುಲೈ ಆರು, ಭಾನುವಾರ. ಬೆಳಗ್ಗೆ ಎಂಟು ಹತ್ತಕ್ಕೆ ಬರೆಯಲು ಕೂತಿದ್ದೇನೆ. ಕೈಯಲ್ಲಿನ್ನೂ ನುಗ್ಗೆಕಾಯಿಯ ವಾಸನೆ. ಸಾರಿಗೆ ಹೆಚ್ಚುವಾಗ ಒಂದು ತುಂಡಿನ ಸಿಪ್ಪೆಯನ್ನು ಪಟ್ಟಿ ಪಟ್ಟಿಯಾಗಿ ಎಬ್ಬಿಸುತ್ತಿದ್ದೆ. ಆರನೆಯ ಪಟ್ಟಿಗೆ ಸುತ್ತು ಮುಗಿಯಿತು. ಅಯ್ಯೋ ಎಂದು ಚಾಕು ಕೆಳಗಿಟ್ಟೆ. ನಾನು ಬೆರಳು ಕೊಯ್ದುಕೊಂಡೆನೆಂದು ಅಮ್ಮ ಓಡಿ ಬಂದಳು.

ನನ್ನ ಡೈರಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ವಿದ್ಯಾರಣ್ಯಪುರದ ನಮ್ಮ ಬೀದಿಗೆ ಬಸ್ಸು ಎಷ್ಟು ಹೊತ್ತಿಗೆ ಬಂತು, ನಲ್ಲಿ ನೀರು ಎಷ್ಟು ಹೊತ್ತಿಗೆ ನಿಂತಿತು, ಎಲ್ಲ ಅದರಲ್ಲಿದೆ. ಓದುವವರು ಯಾರೂ ಇಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಸೋದರತ್ತೆ ತಮ್ಮ ಗಿಡಗಳ ಲೆಕ್ಕ ಇಡು ಎಂದಾಗ ಸರ್ಕಾರಿ ನೌಕರಿಯೇ ಸಿಕ್ಕಷ್ಟು ಹಿಗ್ಗಿದೆ.

ಅಟ್ಟೂರು ದಾಟಿ ಅತ್ತೆಗೆ ಒಂದೂವರೆ ಎಕರೆ ಇದೆ. ಬದುವಿನ ಮೇಲೆ ಮರ ಬೆಳೆಸಿದರೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ, ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ. ವರ್ಷಕ್ಕೊಮ್ಮೆ ಅರಣ್ಯ ಇಲಾಖೆಯ ಗಾರ್ಡ್ ಬಂದು ಜೀವವಿರುವ ಗಿಡ ಎಣಿಸುತ್ತಾರೆ. ಅತ್ತೆ ನೂರ ಹನ್ನೆರಡು ಹೆಬ್ಬೇವಿನ ಸಸಿ ನೆಟ್ಟಿದ್ದರು.

ಗಿಡ ಬದುಕಿದೆಯೇ ಎಂದು ತಿಳಿಯಲು ಸಿಪ್ಪೆ ಚೂರು ಕೆರೆದು ನೋಡುತ್ತಾರೆ. ಒಳಗೆ ಹಸಿರಿದ್ದರೆ ಸರಿ. ಅನುಮಾನ ಬಂದ ಗಿಡಕ್ಕೆ ಮಾತ್ರ, ಉಗುರಿನಲ್ಲಿ. ನಾನು ಚೊಕ್ಕವಾಗಿ ಮಾಡಿದೆ: ತಿಂಗಳ ಮೊದಲ ಭಾನುವಾರ, ಪ್ರತಿ ಗಿಡಕ್ಕೂ, ಚಾಕುವಿನಲ್ಲಿ ಕಿರುಬೆರಳಗಲ. ಯಾವುದು ಯಾವ ತಿಂಗಳದ್ದೆಂದು ಗೊತ್ತಾಗಲಿ ಅಂತ ಹಿಂದಿನ ಗುರುತಿನ ಪಕ್ಕದಲ್ಲೇ, ಅದೇ ಎತ್ತರಕ್ಕೆ. ಆರು ತಿಂಗಳಾದ ಮೇಲೆ ಪರೀಕ್ಷೆ ಬಂತು, ಬಿಟ್ಟೆ.

ಎಪ್ಪತ್ತೊಂದು ಒಣಗಿದವು. ಮೇಕೆ ಸಿಪ್ಪೆ ತಿಂದಿರಬೇಕು ಎಂದು ಗಾರ್ಡ್ ಅಂದರಂತೆ. ಪಕ್ಕದ ಹೊಲದ ಮುನಿಯಮ್ಮನಿಗೆ ನಾಲ್ಕು ಮೇಕೆಗಳಿದ್ದವು. ಅತ್ತೆ ಊರಿಗೆಲ್ಲ ಹೇಳಿ ಅವಳೊಡನೆ ಮಾತು ಬಿಟ್ಟರು. ನಿಂದೆ ತಾಳದೆ ಮುನಿಯಮ್ಮ ಮೇಕೆಗಳನ್ನು ಮಾರಿಬಿಟ್ಟಳು. ನಾನು ಡೈರಿಯಲ್ಲಿ ಕೆಂಪು ಶಾಯಿಯಿಂದ 'ಮೇಕೆ: ೭೧' ಎಂದು ಬರೆದಿದ್ದೇನೆ.

ಒಣಗಿದವೆಲ್ಲ ಹೆಬ್ಬೆರಳ ದಪ್ಪದ ಕಾಂಡ, ಆರು ಪಟ್ಟಿ. ನೀವೇ ಹೇಳಿ, ಸುತ್ತಲೂ ಸಿಪ್ಪೆ ಹೋದ ಗಿಡ ಹೇಗೆ ಉಳಿದೀತು?

ಈಗ ಸಂಜೆ ಆರು. ಮಧ್ಯಾಹ್ನ ಹೋಗಿ ಅತ್ತೆಯ ಮುಂದೆ ಡೈರಿ ಇಟ್ಟೆ. ಅವರು ನನ್ನ ಹೆಬ್ಬೆರಳ ಸುತ್ತ ತಮ್ಮ ಕಿರುಬೆರಳನ್ನು ಆರು ಸಲ ಒತ್ತಿ ನೋಡಿದರು. ಬೈಗುಳಕ್ಕೆ ಕಾದೆ.

"ನೀನು ಕೆರ್ದೆ, ನಾನು ಬಾಯ್ ಬಿಟ್ಟೆ. ಎದ್ದೇಳು, ಇಬ್ರೂ ಓಗಾನ."

ಮುನಿಯಮ್ಮ ರಾಗಿ ಕೇರುತ್ತಿದ್ದಳು. ನಾನು ತೊದಲುತ್ತ ಹೇಳಿ ಮುಗಿಸುವವರೆಗೂ ಮೊರ ನಿಲ್ಲಲಿಲ್ಲ.

"ನಂಗೊತ್ತಿತ್ತು ಕಣವ್ವ," ಅಂದಳು. "ಮೇಕೆ ಸ್ಕೇಲ್ ಇಟ್ಕೊಂಡ್ ತಿಂತದಾ?"

"ಗೊತ್ತಿದ್ರೆ ಏಳ್ಬಾರ್ದಾಗಿತ್ತಾ?" ಅಂದರು ಅತ್ತೆ.

"ನೀನ್ ಮಾತಾಡಿಸ್ತಿದ್ದಾ, ಏಳಕ್ಕೆ?"

ಮುನಿಯಮ್ಮ ನಮ್ಮನ್ನು ಬದುವಿಗೆ ಕರೆದೊಯ್ದಳು. ಅವಳ ಮುಖ ನೋಡಬಾರದೆಂದು ಅತ್ತೆ ಒಂದು ವರ್ಷದಿಂದ ಆ ಕಡೆ ಸುಳಿದಿರಲಿಲ್ಲ. ಒಣಗಿದ ಕಡ್ಡಿಗಳಲ್ಲಿ ಕೆಲವಕ್ಕೆ, ನಾನು ಕೆರೆದ ಸುತ್ತಿನ ಕೆಳಗೆ, ಹೊಸ ಚಿಗುರು. ಮುಟ್ಟದೆ ಎಣಿಸಿದೆ: ಹತ್ತೊಂಬತ್ತು. ಇವುಗಳ ದುಡ್ಡು ಬಂದರೆ ಅದು ನಿನ್ನ ಮೇಕೆಗೆ ಎಂದರು ಅತ್ತೆ. ಮುನಿಯಮ್ಮ ಬಗ್ಗಿ ಒಂದು ಚಿಗುರಿನ ಬುಡದ ಕಳೆ ಕಿತ್ತಳು.

ಮುಂದಿನ ತಿಂಗಳು ಗಾರ್ಡ್ ಬರುತ್ತಾರೆ. ತುದಿ ಸತ್ತು ಬುಡದಲ್ಲಿ ಚಿಗುರಿದ ಗಿಡವನ್ನು ಸರ್ಕಾರ ಬದುಕಿದ್ದೆಂದು ಎಣಿಸುತ್ತದೆಯೇ, ಸತ್ತಿದ್ದೆಂದೇ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಎರಡು ಸಾಲು ಬರೆದು ತಿಳಿಸಿ.