ಆರು ತಾಸಿನ ನಿದ್ದೆ

ಹಗಲು ಹೊತ್ತು ಮಲಗುವ ಮನುಷ್ಯನಿರುವ ಮನೆಯಲ್ಲಿ ಕುಕ್ಕರಿಗೆ ಸೀಟಿ ಹಾಕುವಂತಿಲ್ಲ. ನಾನು ಸೀಟಿಯನ್ನು ಸಕ್ಕರೆ ಡಬ್ಬಿಯ ಹಿಂದೆ ಎತ್ತಿಟ್ಟು, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದೆ. ಬಾಗಿಲಿನ ಚಿಲಕಕ್ಕೆ ಹಳೆಯ ಸೀರೆಯ ಚಿಂದಿ ಸುತ್ತಿದ್ದೆ. ನಮ್ಮ ಓಣಿಗೆ ನೀರು ಬರುವುದು ಹನ್ನೊಂದಕ್ಕೆ. ಡ್ರಮ್ಮಿನೊಳಗೆ ನೀರು ಬೀಳುವ ಸದ್ದಾಗಬಾರದೆಂದು ಪೈಪಿನ ಬಾಯಿಗೆ ಬಟ್ಟೆ ಕಟ್ಟಿ ತಳಕ್ಕೆ ಮುಟ್ಟಿಸುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ಗೊತ್ತಿರಲಿಲ್ಲ. ಒಂದೊಂದೇ ಸದ್ದನ್ನು ಹುಡುಕಿ ಅದರ ಬಾಯಿ ಕಟ್ಟುತ್ತ ಹೋದೆ.

ನಾವು ಬಾಗಲಕೋಟೆ ಕಡೆಯವರು. ಮನೆ ಇರುವುದು ಮರಾಠಿ ಸೀಮೆಯ ತುರ್ಭೆಯಲ್ಲಿ, ಕಲ್ಲಿನ ಗಣಿ ಇರುವ ಗುಡ್ಡದ ಬುಡಕ್ಕೆ. ಒಂದೇ ಕೋಣೆ, ಮೇಲೆ ತಗಡು. ನನ್ನ ಗಂಡ ಆ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಹಗಲು ಬಂಡೆಗೆ ಮದ್ದಿಟ್ಟು ಒಡೆಯುತ್ತಾರೆ. ರಾತ್ರಿ ಆ ಕಲ್ಲನ್ನು ಡಂಪರಿಗೆ ತುಂಬಿ ಕ್ರಷರಿಗೆ ಸಾಗಿಸುತ್ತಾರೆ. ರಾತ್ರಿ ಪಾಳಿ ಎಂದರೆ ಎಂಟರಿಂದ ಎಂಟು. ಆರು ರಾತ್ರಿ ದುಡಿದರೆ ಒಂದು ದಿನ ರಜೆ, ಆಮೇಲೆ ಒಂದು ವಾರ ಹಗಲು ಪಾಳಿ. ಹೀಗೆ ನಡೆಯಬೇಕೆಂಬುದು ರೂಢಿ.

ಮಧ್ಯಾಹ್ನ ಒಂದು ಗಂಟೆಗೆ ಗಣಿಯಲ್ಲಿ ಮೂರು ಸಲ ಸೈರನ್ ಕೂಗಿಸಿ ಬಂಡೆ ಸಿಡಿಸುತ್ತಾರೆ. ಆಗ ನಮ್ಮ ತಗಡು ನಡುಗಿ, ಗೋಡೆಯ ಸ್ಟ್ಯಾಂಡಿನ ತಾಟು ಲೋಟಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಹನ್ನೆರಡೂವರೆಗೇ ನಾನು ಅವನ್ನೆಲ್ಲ ಇಳಿಸಿ ಕೌದಿಯ ಮೇಲೆ ಹರವುತ್ತಿದ್ದೆ. ಸೈರನ್ನಿನ ಬಾಯಿಗೆ ಮಾತ್ರ ನನ್ನ ಬಟ್ಟೆ ನಿಲುಕುತ್ತಿರಲಿಲ್ಲ.

ಪಕ್ಕದ ಮನೆಯ ಅಕ್ಕ ಉಡುಪಿ ಕಡೆಯವರು. ಅವರ ಯಜಮಾನರು ಸಾನಪಾಡಾದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದಾರೆ. ಒಮ್ಮೆ ಹತ್ತು ಗಂಟೆಗೆ ಅವರು ಮಿಕ್ಸಿ ಹಾಕಿದಾಗ ನಾನು ಹೋಗಿ ಬಾಗಿಲಲ್ಲಿ ನಿಂತೆ.

"ಎಂತ ಮಾರಾಯ್ತಿ, ಇಡೀ ಗುಡ್ಡ ಒಡೆಯುವವರಿಗೆ ನನ್ನ ಮಿಕ್ಸಿ ಆಗುವುದಿಲ್ವಾ?" ಎಂದರು.

"ಗುಡ್ಡ ಒಡಿಯೂದು ಇವರಲ್ರೀ ಅಕ್ಕಾ, ಹಗಲಿನವ್ರು. ಇವ್ರು ಬರೇ ಹೊರತಾರ" ಎಂದೆ.

"ಆಯ್ತು, ನಾಳೆಯಿಂದ ಬೆಳಿಗ್ಗೆ ಏಳಕ್ಕೇ ಕಾಯಿ ಕಡೆದಿಡ್ತೇನೆ. ಆದ್ರೆ ನಿಮ್ಮ ಯಜಮಾನ್ರ ಗೊರಕೆಗೆ ನನ್ನ ನಿದ್ರೆ ಹಾಳಾದ್ರೆ ನಾನು ಯಾರ ಬಾಗಿಲಿಗೆ ಹೋಗ್ಬೇಕು?"

ಅವರು ನಕ್ಕರು. ಮಾತಿಗೆ ತಪ್ಪಲಿಲ್ಲ. ಹೀಗೆ ಓಣಿಯ ನಾಲ್ಕಾರು ಮನೆಗಳು ನನ್ನ ಮಾತು ಕೇಳುವಂತಾದವು. ಒಂಬತ್ತು ವರ್ಷದ ನನ್ನ ಮಗಳು ಸದ್ದಿಲ್ಲದೆ ನಗುವುದನ್ನು ಕಲಿತಳು. ಹನ್ನೆರಡೂವರೆಗೆ ಶಾಲೆಯಿಂದ ಬಂದು, ಚಪ್ಪಲಿಯನ್ನು ಹೊರಗೇ ಬಿಟ್ಟು, ಅಪ್ಪನ ಹಾಸಿಗೆಗೂ ಕಪಾಟಿಗೂ ನಡುವಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಅವರು ಆ ಕಡೆಗೇ ಮುಖ ಮಾಡಿ ಮಲಗುತ್ತಿದ್ದರು. ಒಲೆಯ ಬಳಿಯಿಂದ ನನಗೆ ಕಾಣುತ್ತಿದ್ದುದು ಅವರ ಬೆನ್ನು ಮಾತ್ರ. ಒಂಬತ್ತಕ್ಕೆ ಮಲಗಿದರೆ ಮೂರಕ್ಕೆ ಏಳುತ್ತಿದ್ದರು. ಆರು ತಾಸು. ಅಷ್ಟು ಹೊತ್ತು ಆ ಬೆನ್ನು ಅಲುಗದಿದ್ದರೆ ನನ್ನ ದಿನ ಸಾರ್ಥಕ.

"ನಿದ್ದಿ ಬಂತೇನ್ರಿ?" ಎಂದು ಕೇಳುತ್ತಿದ್ದೆ.

"ಛಲೋ ಬಂತು" ಎನ್ನುತ್ತಿದ್ದರು.

ಆ ಸಲ ಆರು ರಾತ್ರಿ ಮುಗಿದರೂ ರಜೆ ಬರಲಿಲ್ಲ. ಇವರ ಬದಲಿಗೆ ರಾತ್ರಿ ಪಾಳಿಗೆ ಬರಬೇಕಾದ ಡ್ರೈವರ್ ತಂಗಿಯ ಮದುವೆಗೆಂದು ಉತ್ತರಪ್ರದೇಶದ ತನ್ನ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಇನ್ನೆರಡು ರಾತ್ರಿ ಎಂದು ಸೂಪರ್‌ವೈಸರ್ ಹೇಳಿದರು. ಆ ಎರಡು ಮುಗಿದ ಮೇಲೆ ಮತ್ತೆ ಎರಡು ಎಂದರು.

ಏಳನೆಯ ಬೆಳಿಗ್ಗೆ ಅವರು ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದರು. ಕಪ್ಪು ಎತ್ತಿಡುವಾಗ ತಳದಲ್ಲಿ ಕರಗದೆ ಉಳಿದಿದ್ದ ಉಪ್ಪು ಕಂಡು ನನಗೆ ತಿಳಿಯಿತು. ಅವರಿಗೆ ತಿಳಿದಿರಲಿಲ್ಲ. ಎಂಟನೆಯ ಬೆಳಿಗ್ಗೆ ರೊಟ್ಟಿ ಬಾಯಲ್ಲಿಟ್ಟುಕೊಂಡವರು ಅಗಿಯುವುದನ್ನು ಮರೆತು ಗೋಡೆ ನೋಡುತ್ತ ಕೂತರು. ಒಂಬತ್ತನೆಯ ದಿನ ನನ್ನನ್ನು ಮಗಳ ಹೆಸರಿನಿಂದ ಕರೆದರು, ಮಗಳನ್ನು ಊರಿನಲ್ಲಿರುವ ತಮ್ಮ ಅಕ್ಕನ ಹೆಸರಿನಿಂದ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಹತ್ತನೆಯ ದಿನ ಹಾಸಿಗೆಯಲ್ಲಿ ಅವರ ಬಲಗಾಲು ಕೌದಿಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಬ್ರೇಕು. ನಾನು ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಡದೆ ನೋಡುತ್ತ ನಿಂತೆ.

ಆದರೂ ಯಾರ ಹತ್ತಿರವೂ ಹೇಳಲಿಲ್ಲ. ಹಿಂದಿನ ವರ್ಷ ಒಬ್ಬ ಡ್ರೈವರ್ ತನಗೆ ಹಗಲು ನಿದ್ದೆ ಬರುವುದಿಲ್ಲ ಎಂದಿದ್ದಕ್ಕೆ ಅವನನ್ನು ಗಾಡಿಯಿಂದ ಇಳಿಸಿ ಕ್ರಷರಿನ ದೂಳಿಗೆ ಹಾಕಿದ್ದರು. ಎರಡು ತಿಂಗಳಿಗೆ ಅವನು ಕೆಮ್ಮುತ್ತ ಕೆಲಸ ಬಿಟ್ಟು ಹೋದ. ಇವರಿಗೆ ಸ್ಟೀರಿಂಗ್ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ.

ಹತ್ತು ರಾತ್ರಿ ಮುಗಿಸಿ ಬಂದ ಅದೇ ದಿನ, ಎರಡು ಗಂಟೆಯ ಹೊತ್ತಿಗೆ ಅವರ ಫೋನು ನಡುಗಿತು. ಅವರು ಮಲಗಿದಾಗ ನಾನು ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದೆ. ತೆಗೆದು ನೋಡಿದರೆ ಸೂಪರ್‌ವೈಸರ್. ಅವರು ಮರಾಠಿಯವರು, ಗಣಪತಿ ಹಬ್ಬಕ್ಕೆ ನಮ್ಮ ಮನೆಗೆ ಬಂದು ಕಡುಬು ತಿಂದು ಹೋದವರು. ಫೋನು ಹಿಡಿದು ಓಣಿಗೆ ಬಂದೆ.

"ಭಾಭಿ, ಸೋಯಾ ಹೈ ಕ್ಯಾ ವೋ?" ಮಲಗಿದ್ದಾನಾ ಎಂದು ಕೇಳಿದರು.

"ಹಾಂ, ಸೋಯೇ ಹೈ."

"ನೀಂದ್ ಬರಾಬರ್ ಹೋತಾ ಹೈ ನಾ? ಸಚ್ ಬೋಲೋ."

ನಿಜ ಹೇಳಿ, ನಿದ್ದೆ ಸರಿಯಾಗಿ ಆಗುತ್ತಿಲ್ಲವೆಂದರೆ ಇವತ್ತು ಬಿಡುವು ಕೊಡುತ್ತೇನೆ, ಹೇಗಾದರೂ ಬೇರೆ ಯಾರನ್ನಾದರೂ ಹೊಂದಿಸುತ್ತೇನೆ ಎಂದರು. ದನಿಯಲ್ಲಿ ಮೋಸವಿರಲಿಲ್ಲ. ಅವರಿಗೂ ದಣಿವಾಗಿತ್ತು ಎಂದು ಈಗ ಅನಿಸುತ್ತದೆ.

ನಾನು ಪರದೆ ಸರಿಸಿ ಒಳಗೆ ನೋಡಿದೆ. ಅದೇ ಬೆನ್ನು. ಅಲುಗಾಟವಿಲ್ಲ. ಅದರಾಚೆ ಮಗಳು ತಲೆ ಬಗ್ಗಿಸಿ ಬಣ್ಣ ತುಂಬುತ್ತಿದ್ದಳು. ತಾಟುಗಳು ಕೌದಿಯ ಮೇಲಿದ್ದವು. ಇಷ್ಟೆಲ್ಲ ಕಾದು ನಿಂತು ನಿದ್ದೆಯಿಲ್ಲ ಎಂದು ಹೇಗೆ ಹೇಳಲಿ? ಕ್ರಷರಿನ ದೂಳೂ ಕಣ್ಣ ಮುಂದೆ ಬಂತು.

"ರೋಜ್ ಛೇ ಘಂಟಾ ಸೋತೇ ಹೈ" ಎಂದೆ. ದಿನಕ್ಕೆ ಆರು ತಾಸು.

"ಬಸ್ ಫಿರ್. ಆಜ್ ಕಲ್ ದೋ ರಾತ್, ಬಾದ್ ಮೇ ಛುಟ್ಟಿ", ಇವತ್ತು ನಾಳೆ ಎರಡು ರಾತ್ರಿ, ಆಮೇಲೆ ರಜೆ ಎಂದು ಫೋನಿಟ್ಟರು.

ಸಂಜೆ ಹೊರಡುವಾಗ ಅವರು ಚಪ್ಪಲಿಯನ್ನು ಎಡಬಲ ಮಾಡಿ ಮೆಟ್ಟಿಕೊಂಡರು. ನಾನು ಬಗ್ಗಿ ಸರಿ ಮಾಡಿಕೊಟ್ಟೆ. ಮದುವೆಯಾದ ಮೇಲೆ ಅವರ ಕಾಲು ಮುಟ್ಟಿ ಚಪ್ಪಲಿ ಹಾಕಿದ್ದು ಅದೊಂದೇ ಸಲ.

"ಇನ್ನ ಎರಡ ರಾತ್ರಿ ಐತಿ" ಎಂದರು. "ಮುಗೀತಂದ್ರ ಇಡೀ ದಿನ ಬಿದ್ಕೋತೀನಿ. ಆವತ್ತ ನೀ ಬೇಕಾದಷ್ಟ ಸೀಟಿ ಹೊಡಸು."

ಬೆಳಗಿನ ಜಾವ, ಕಲ್ಲು ಸುರಿಯಲು ಹಿಂದಕ್ಕೆ ತೆಗೆದುಕೊಂಡ ಡಂಪರ್ ಕ್ರಷರಿನ ಮೇಲಿನ ಕಟ್ಟೆಯ ಅಂಚಿನಲ್ಲಿ ನಿಲ್ಲದೆ ಕೆಳಗೆ ಹೋಯಿತು. ನನಗೆ ಹೇಳಲು ಬಂದವರು ಒಂದನ್ನೇ ತಿರುತಿರುಗಿ ಹೇಳಿದರು: ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ಹಿಂದಿನ ದಿನ ನನ್ನ ಕೌದಿಯ ಮೇಲೆ ಒತ್ತಿದ ಬ್ರೇಕು ನೆನಪಾಯಿತು. ಅದನ್ನು ಅವರಿಗೆ ಹೇಳಲಿಲ್ಲ.

ಅವರು ತೀರಿಕೊಂಡ ಹದಿನಾಲ್ಕನೆಯ ದಿನ ಸೂಪರ್‌ವೈಸರ್ ಒಂದು ಕಾಗದ ತಂದರು. ಠಾಣೆ ಊರಿನ ಸರಕಾರಿ ಕಚೇರಿಯಲ್ಲಿ ಅಪಘಾತದ ವಿಚಾರಣೆ ಇದೆ, ಅದಕ್ಕೆ ಮೊದಲು ಇದಕ್ಕೊಂದು ಸಹಿ ಬೇಕೆಂದು ಗಣಿಯ ಗುತ್ತಿಗೆದಾರರು ಕಳಿಸಿದ್ದಾರೆ ಎಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ನನ್ನ ಮುಖ ನೋಡದೆ ಎದ್ದು ಹೋದರು.

ಡೊಂಬಿವಲಿಯಿಂದ ಭಾವ ಬಂದಿದ್ದರು. ಅವರು ನನ್ನ ಗಂಡನ ಅಣ್ಣ, ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಪಾಳಿ ಮಾಡಿದವರು.

"ಸುಮ್ನ ಸಹಿ ಮಾಡಿಬಿಡವಾ" ಎಂದರು. "ಕಚೇರಿ ಅಡ್ಡಾಡೂದು ನಿನ್ನ ಕೈಲೆ ಆಗೂದಲ್ಲ. ಹೋದಾಂವ ಹೋದ."

"ಏನ ಬರದಾರ ನೋಡ್ತೀನ್ರಿ ಭಾವಾರ" ಎಂದೆ.

ಕಾಗದ ಮರಾಠಿಯಲ್ಲಿತ್ತು. ನಾನು ಊರಲ್ಲಿ ಹತ್ತನೆಯವರೆಗೆ ಕನ್ನಡ ಶಾಲೆಗೆ ಹೋದವಳು. ಮರಾಠಿ ಕಿವಿಗೆ ಗೊತ್ತು, ಓದಲು ಬರುವುದಿಲ್ಲ. ಮಗಳನ್ನು ಕರೆದೆ. ಅವಳು ಮರಾಠಿ ಶಾಲೆಯವಳು. ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ಮೃತರು ಮನೆಯಲ್ಲಿ ದಿನಾಲೂ ಆರು ತಾಸು ನಿದ್ದೆ ಮಾಡುತ್ತಿದ್ದರು, ದಣಿವಿನ ದೂರು ಇರಲಿಲ್ಲ, ಇದನ್ನು ಪತ್ನಿಯೇ ಫೋನಿನಲ್ಲಿ ತಿಳಿಸಿದ್ದರು. ಗಾಡಿಯಲ್ಲಿ ದೋಷವಿರಲಿಲ್ಲ. ಅಷ್ಟೇ. ನಿದ್ದೆ ಸಾಕಷ್ಟಿತ್ತು, ಗಾಡಿ ಸರಿಯಿತ್ತು ಎಂದ ಮೇಲೆ ಉಳಿಯುವ ತಪ್ಪು ಒಬ್ಬರದೇ. ಬಿಡುವಿಲ್ಲದೆ ಎಷ್ಟು ರಾತ್ರಿ ದುಡಿದಿದ್ದರು ಎಂಬುದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಮಗಳು ಬೆರಳನ್ನು ಮೊದಲಿನ ಸಾಲಿಗೆ ತಂದಳು.

"ಮಮ್ಮಿ, ಯೇ ಝೂಟ್ ಹೈ."

"ಯಾವುದು ಸುಳ್ಳು?"

"ಪಪ್ಪಾ ಸೋತೇ ನಹೀ ಥೇ." ಅಪ್ಪ ನಿದ್ದೆ ಮಾಡುತ್ತಿರಲಿಲ್ಲ ಎಂದಳು.

ಭಾವ ತಲೆಯೆತ್ತಿದರು. ಮಗಳು ನಿಧಾನವಾಗಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದಳು. ಶಾಲೆಯಿಂದ ಬಂದು ಅವಳು ಮೂಲೆಯಲ್ಲಿ ಕೂತಿರುವಾಗ, ಸೈರನ್ ಕೂಗಿ ಮುಗಿದ ಕೂಡಲೇ ಅಪ್ಪ ಒಂದು ಕಣ್ಣು ತೆರೆದು ನೋಡುತ್ತಿದ್ದರಂತೆ. ಇವಳು ತುಟಿಯ ಮೇಲೆ ಬೆರಳಿಡುತ್ತಿದ್ದಳಂತೆ. ಅವರು ಕಣ್ಣು ಮುಚ್ಚುತ್ತಿದ್ದರಂತೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಣ್ಣು. ಅದು ಅವರಿಬ್ಬರ ಆಟ. ಯಾಕೆ ಮಲಗಿಲ್ಲ ಎಂದು ಒಮ್ಮೆ ಚೀಟಿಯಲ್ಲಿ ಬರೆದು ಕೇಳಿದ್ದಕ್ಕೆ, ಅವರು ಅವಳ ಕಿವಿಯಲ್ಲಿ ಹೇಳಿದ್ದರಂತೆ: ಸೈರನ್ ಆದ ಮೇಲೆ ನಿದ್ದೆ ಬರುವುದಿಲ್ಲ, ಮಮ್ಮಿಗೆ ಹೇಳಬೇಡ, ಹೇಳಿದರೆ ಗಣಿಗೇ ಹೋಗಿ ಜಗಳ ತೆಗೆಯುತ್ತಾಳೆ, ಪಾಪ, ಓಣಿಯನ್ನೆಲ್ಲ ಸುಮ್ಮನಿರಿಸಿದ್ದಾಳೆ.

"ಮೈನೇ ಕಿಸೀಕೋ ನಹೀ ಬೋಲಾ" ಎಂದಳು. ಯಾರಿಗೂ ಹೇಳಿಲ್ಲ. ಹೊಗಳಿಸಿಕೊಳ್ಳಲು ಎಂಬಂತೆ ಹೇಳಲು ಹೊರಟವಳು ನನ್ನ ಮುಖ ನೋಡಿ ನಡುವೆಯೇ ದನಿ ಇಳಿಸಿದಳು. ಹೇಳಬೇಕಿತ್ತೇನೋ ಎಂಬುದು ಅವಳಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಅವಳ ಕಣ್ಣಲ್ಲಿ ಅದು ಬಂದು ಕೂತದ್ದನ್ನು ನಾನು ಕಂಡೆ.

ಭಾವ ಕಾಗದವನ್ನು ಮಡಿಚಿ ನನ್ನ ಕೈಗಿಟ್ಟರು. "ಸಹಿ ಮಾಡಬ್ಯಾಡ" ಎಂದರು.

ಠಾಣೆಗೆ ನಾನೊಬ್ಬಳೇ ಹೋದೆ. ತುರ್ಭೆಯಿಂದ ಲೋಕಲ್ ರೈಲು ಹತ್ತಿ ಕೂತವಳಿಗೆ ದಾರಿಯುದ್ದಕ್ಕೂ ಒಂದೇ ಚಿಂತೆ. ಆರು ತಾಸು ಸುಳ್ಳು ಎಂದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಮಗಳು ಹೇಳಿದಳು ಎಂದರೆ ಅವಳ ಹೆಸರು ಕಾಗದಕ್ಕೆ ಬರುತ್ತದೆ. ಒಂಬತ್ತು ವರ್ಷದವಳು ಅಧಿಕಾರಿಯ ಮುಂದೆ ನಿಂತು ಒಂದು ಕಣ್ಣು ತೆರೆದು ತೋರಿಸಬೇಕಾಗುತ್ತದೆ. ಐರೋಲಿ ಸ್ಟೇಷನ್ ದಾಟುವಷ್ಟರಲ್ಲಿ ಆ ಕಾಗದವನ್ನು ನಾಲ್ಕು ಸಲ ಬಿಚ್ಚಿ ಮಡಿಚಿದ್ದೆ.

ಅಧಿಕಾರಿ ಹೆಂಗಸು, ನನ್ನ ವಯಸ್ಸಿನವರೇ. ಸೂಪರ್‌ವೈಸರ್ ಇನ್ನೊಂದು ಕುರ್ಚಿಯಲ್ಲಿದ್ದರು. ಗಂಡ ದಿನಕ್ಕೆ ಎಷ್ಟು ತಾಸು ನಿದ್ದೆ ಮಾಡುತ್ತಿದ್ದರು ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು. ನನಗೆ ಬರುವ ಹರಕು ಮರಾಠಿಯಲ್ಲೇ ಉತ್ತರ ಕೊಟ್ಟೆ. ಆರು ತಾಸು ಎಂದು ಫೋನಿನಲ್ಲಿ ಹೇಳಿದವಳು ನಾನೇ. ಅದು ಅವರು ಹಾಸಿಗೆಯ ಮೇಲಿದ್ದ ಹೊತ್ತು. ನಿದ್ದೆ ಎಷ್ಟಿತ್ತೋ ನನಗೆ ತಿಳಿಯದು, ನನಗೆ ಕಾಣುತ್ತಿದ್ದುದು ಅವರ ಬೆನ್ನು. ಉಪ್ಪು ಹಾಕಿದ ಚಹಾ ಕುಡಿದರು, ಹಾಸಿಗೆಯಲ್ಲಿ ಬ್ರೇಕ್ ಒತ್ತಿದರು, ಅದನ್ನು ಕಂಡೂ ನಾನು ಆರು ತಾಸು ಎಂದೆ. ಹೀಗೆ ಹೇಳಿ, ಕೊನೆಗೆ ಕೇಳಿದೆ: ಅದು ಎಷ್ಟನೆಯ ರಾತ್ರಿ ಎಂದು ಇದರಲ್ಲಿ ಯಾಕೆ ಬರೆದಿಲ್ಲ?

ಅಧಿಕಾರಿ ಸೂಪರ್‌ವೈಸರ್ ಕಡೆ ತಿರುಗಿದರು. ಅವರು ನೆಲ ನೋಡುತ್ತಿದ್ದರು. ತಲೆಯೆತ್ತದೆ "ಅಕರಾ" ಎಂದರು. ಹನ್ನೊಂದು. ಅಧಿಕಾರಿ ಅದನ್ನು ಬರೆದುಕೊಂಡರು. ವಿಚಾರಣೆ ಇನ್ನೂ ಮುಗಿದಿಲ್ಲ. ಆದರೆ ಆ ಹನ್ನೊಂದು ಈಗ ಅಧಿಕಾರಿಯ ಕಾಗದದಲ್ಲಿದೆ, ಅದರ ಕೆಳಗೆ ನನ್ನ ಸಹಿ ಇದೆ.

ಮನೆಗೆ ಬಂದಾಗ ಪಕ್ಕದ ಅಕ್ಕ ಮಗಳಿಗೆ ನೀರುದೋಸೆ ಹಾಕಿಕೊಟ್ಟಿದ್ದರು. ಅವಳು ತಿಂದಿರಲಿಲ್ಲ.

"ಆಂಖ್ ವಾಲೀ ಬಾತ್ ಬೋಲೀ ಕ್ಯಾ?" ಕಣ್ಣಿನ ವಿಷಯ ಹೇಳಿದೆಯಾ ಎಂದು ಕೇಳಿದಳು.

"ಅದನ್ನ ಯಾಕ ಹೇಳ್ಲಿ? ಅದು ನಿಮ್ಮಿಬ್ಬರ ಆಟ" ಎಂದೆ. "ನನಗ ಮೊದಲ ಗೊತ್ತಿತ್ತು."

"ತುಝೇ ಪತಾ ಥಾ?"

"ಹೂಂ. ಒಲಿ ಕಡಿಂದ ಎಲ್ಲಾ ಕಾಣ್ತಿತ್ತು."

"ಫಿರ್ ಡಾಂಟಾ ಕ್ಯೋಂ ನಹೀ?"

"ಆಟ ಯಾಕ ಕೆಡಸೂದು ಅಂತ ಬೈಲಿಲ್ಲ."

ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ದೋಸೆಯನ್ನು ಮುರಿದು ಬಾಯಿಗಿಟ್ಟುಕೊಂಡಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಒಲೆಯ ಕಡೆಯಿಂದ ನನಗೆ ಏನೂ ಕಾಣುತ್ತಿರಲಿಲ್ಲ. ಇದನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ, ಮಗಳಿಗೆ ಈ ಅಕ್ಷರ ಓದಲು ಬರುವುದಿಲ್ಲ. ನಾನು ಬರೆಯುವುದನ್ನು ನೋಡಿ ಇತ್ತೀಚೆಗೆ ಕಲಿಸು ಎಂದು ಹಿಂದೆ ಬಿದ್ದಿದ್ದಾಳೆ. ಬೇಸಿಗೆ ರಜೆಯಲ್ಲಿ ಕಲಿಸುತ್ತೇನೆ ಎಂದಿದ್ದೇನೆ.